ಗೊತ್ತಿದೆ, ಆದರೆ ಕೈ ಹೊರಡುತ್ತಿಲ್ಲ: ಚಲನೆ ಜೋಡಿಸಲು ಕಷ್ಟಪಡುವ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಮೇಜಿನ ಮೇಲೆ ನೀರಿನ ಲೋಟ. ಎದುರಿಗೆ ನನ್ನ ಮಗಳು. ಅವಳ ಕಣ್ಣು ಲೋಟದ ಮೇಲೇ ಇದೆ. ಬಾಯಾರಿದೆ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. "ಲೋಟ ತಗೋ ಪುಟ್ಟಿ" ಅನ್ನುತ್ತೇನೆ. ಅವಳ ಕೈಗಳು ಎದೆಯ ಮುಂದೆ ಒಂದಕ್ಕೊಂದು ಉಜ್ಜಿಕೊಳ್ಳುತ್ತಲೇ ಇರುತ್ತವೆ. ಮೂರು ಸೆಕೆಂಡ್ ಕಾದು ಮತ್ತೆ ಹೇಳುತ್ತೇನೆ, "ತಗೋ ಮಗಾ, ಅಲ್ಲೇ ಇದೆ ನೋಡು." ಇನ್ನೂ ಮೂರು ಸೆಕೆಂಡ್. ಕೊನೆಗೆ ನಾನೇ ಲೋಟ ಎತ್ತಿ ಬಾಯಿಗೆ ಹಿಡಿಯುತ್ತೇನೆ.

ಒಂದು ವರ್ಷ ಹೀಗೇ ಮಾಡಿದೆ. ಒಂದು ದಿನ ನಮ್ಮ ಥೆರಪಿಸ್ಟ್ ನನ್ನ ಮೊಣಕೈ ಮೆಲ್ಲಗೆ ಹಿಡಿದು, "ಈಗ ಏನೂ ಹೇಳಬೇಡಿ, ಮನಸ್ಸಲ್ಲೇ ಎಣಿಸಿ" ಅಂದರು. ಎಣಿಸಿದೆ. ಏಳಕ್ಕೆ ಉಜ್ಜುವುದು ನಿಧಾನವಾಯಿತು. ಹತ್ತಕ್ಕೆ ಬಲಗೈ ಬಿಡಿಸಿಕೊಂಡಿತು. ಹದಿನಾಲ್ಕಕ್ಕೆ ಬೆರಳು ಲೋಟಕ್ಕೆ ತಾಗಿತು. ಅಷ್ಟು ದಿನ ಏಳು ಬರುವ ಮೊದಲೇ ನಾನು ಬಾಯಿ ಹಾಕಿ, ಅವಳು ಮತ್ತೆ ಮೊದಲಿನಿಂದ ಶುರು ಮಾಡುವಂತೆ ಮಾಡುತ್ತಿದ್ದೆ.

ಅಪರೂಪದ ನರದ ಕಾಯಿಲೆಯಿಂದಾಗಿ ಕೈಕಾಲು, ಬಾಯಿ, ಕಣ್ಣಿನ ಚಲನೆ ಜೋಡಿಸಲು ಕಷ್ಟಪಡುವ ಮಗು ನಿಮ್ಮ ಮನೆಯಲ್ಲಿದ್ದರೆ, ಇದು ನಿಮಗಾಗಿ.

ಮೊದಲು: ಒಳಗೆ ಏನಾಗುತ್ತಿದೆ ಅಂತ ತಿಳಿದುಕೊಳ್ಳಿ

ಯಾವುದೇ ಕೆಲಸಕ್ಕೂ ಮೂರು ಹಂತ ಇರುತ್ತದೆ. ಏನು ಮಾಡಬೇಕು ಅನ್ನುವ ಯೋಚನೆ. ಹೇಗೆ, ಯಾವ ಕ್ರಮದಲ್ಲಿ ಅನ್ನುವ ಜೋಡಣೆ. ಆಮೇಲೆ ಸ್ನಾಯುಗಳು ಮಾಡುವ ಕೆಲಸ. ನಮಗೆ ಈ ನಡುವಿನ ಹಂತ ಇದೆ ಅಂತಲೇ ಗೊತ್ತಾಗುವುದಿಲ್ಲ, ಅಷ್ಟು ಸಲೀಸಾಗಿ ನಡೆದುಹೋಗುತ್ತದೆ. ಅದನ್ನೇ ಮೋಟಾರ್ ಪ್ಲಾನಿಂಗ್ ಅನ್ನುತ್ತಾರೆ. ಅದರ ತೊಂದರೆಗೆ ಅಪ್ರಾಕ್ಸಿಯಾ, ಡಿಸ್‌ಪ್ರಾಕ್ಸಿಯಾ ಅನ್ನುವ ಹೆಸರುಗಳಿವೆ. ಕೈಯಲ್ಲಿ ಬಲ ಇರಬಹುದು, ಕೆಲಸ ಏನು ಅಂತ ಅರ್ಥವೂ ಆಗಿರಬಹುದು. ಆದರೂ ಕೈ ಹೊರಡುವುದಿಲ್ಲ, ಇಲ್ಲವೇ ಬೇರೆ ಕಡೆ ಹೋಗುತ್ತದೆ.

ಇದರಲ್ಲಿ ಅಪ್ಪ-ಅಮ್ಮಂದಿರನ್ನು ಜಾಸ್ತಿ ಗೊಂದಲಕ್ಕೆ ಹಾಕುವ ಸಂಗತಿ ಒಂದಿದೆ. ತಾನಾಗಿ ಬಂದಾಗ ಬರುತ್ತದೆ, ಕೇಳಿದಾಗ ಬರುವುದಿಲ್ಲ. ಮೂಗು ತುರಿಸಿದರೆ ಕೈ ಸರಿಯಾಗಿ ಮೂಗಿಗೇ ಹೋಗುತ್ತದೆ. "ಮೂಗು ಮುಟ್ಟು" ಅಂದರೆ ಕೈ ಗಾಳಿಯಲ್ಲೇ ನಿಲ್ಲುತ್ತದೆ. ನೋಡುವವರು "ಬೇಕಂತಲೇ ಮಾಡ್ತಿಲ್ಲ, ಹಠ" ಅಂದುಬಿಡುತ್ತಾರೆ. ತಾನಾಗಿ ಆಗುವ ಚಲನೆ ಮತ್ತು ಹೇಳಿದಾಗ ಮಾಡುವ ಚಲನೆ ಮಿದುಳಿನಲ್ಲಿ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಒಂದು ದಾರಿ ತೆರೆದಿದ್ದು ಇನ್ನೊಂದು ಕೈಕೊಡಬಹುದು.

ಈ ತಪ್ಪು ತಿಳಿವಳಿಕೆ ಹೊಸದೇನಲ್ಲ. 1900ರಲ್ಲಿ ಜರ್ಮನಿಯ ವೈದ್ಯ ಹ್ಯೂಗೋ ಲೀಪ್‌ಮನ್ ಒಬ್ಬ ರೋಗಿಯ ಬಗ್ಗೆ ಬರೆದರು. ಆತ ಸರ್ಕಾರಿ ಅಧಿಕಾರಿ. ಹೇಳಿದ್ದನ್ನೆಲ್ಲ ಬಲಗೈಯಲ್ಲಿ ಮಾಡಲು ಹೋಗಿ ತಪ್ಪುತ್ತಿದ್ದರಿಂದ, ಬುದ್ಧಿ ಮಂಕಾಗಿದೆ ಅಂತ ತೀರ್ಮಾನವಾಗಿತ್ತು. ಲೀಪ್‌ಮನ್ ಆ ಬಲಗೈಯನ್ನು ತಡೆದು, ಎಡಗೈಯಲ್ಲಿ ಮಾಡಲು ಹೇಳಿದರು. ಸರಿಯಾಗಿ ಮಾಡಿದ! ಮಾತು ಅರ್ಥವಾಗಿತ್ತು, ಬಲಗೈಗೆ ದಾರಿ ಸಿಕ್ಕಿರಲಿಲ್ಲ, ಅಷ್ಟೇ. ನಿಮ್ಮ ಮಗುವಿಗೆ "ಏನೂ ಅರ್ಥ ಆಗಲ್ಲ" ಅಂತ ಯಾರಾದರೂ ಹೇಳಿದಾಗ ಈ ಮನುಷ್ಯನನ್ನು ನೆನಪಿಸಿಕೊಳ್ಳಿ.

ಕಾಯಿಲೆಯ ಹೆಸರು ಸಿಕ್ಕಿದ್ದರೆ ಅದನ್ನು ಬಳಸಿಕೊಳ್ಳಿ

ಹೆಸರು ಗೊತ್ತಾದರೆ ಎಲ್ಲಿ ನೋಡಬೇಕು ಅಂತ ತಿಳಿಯುತ್ತದೆ. ರೆಟ್ ಸಿಂಡ್ರೋಮ್ ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಬರುತ್ತದೆ. ಆಸ್ಟ್ರಿಯಾದ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲಿ ಅದನ್ನು ಮೊದಲು ವಿವರಿಸಿದರು. ಎಂಇಸಿಪಿ2 ಅನ್ನುವ ಜೀನ್ ಕಾರಣ ಅಂತ 1999ರಲ್ಲಿ ಗೊತ್ತಾಯಿತು. ಸಾಮಾನ್ಯವಾಗಿ 6ರಿಂದ 18 ತಿಂಗಳ ನಡುವೆ ಬೆಳವಣಿಗೆ ನಿಧಾನವಾಗುತ್ತದೆ. ಆಮೇಲೆ ಕೈ ಬಳಕೆ, ಮಾತು ಕಳೆದುಹೋಗುತ್ತವೆ, ಕೈ ಉಜ್ಜುವುದು, ಹಿಂಡುವುದು ಶುರುವಾಗುತ್ತದೆ. ಕಣ್ಣಿನ ನೋಟ ಮಾತ್ರ ಅನೇಕ ಮಕ್ಕಳಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಅಲ್ಲಿ ಮಾತುಕತೆಗೆ ಕಣ್ಣೇ ಬಾಗಿಲು.

ಜೂಬೇರ್ ಸಿಂಡ್ರೋಮ್‌ನಲ್ಲಿ ಕಿರುಮಿದುಳಿನ ನಡುಭಾಗ ಸರಿಯಾಗಿ ಬೆಳೆದಿರುವುದಿಲ್ಲ. ಎಂಆರ್‌ಐನಲ್ಲಿ ದವಡೆ ಹಲ್ಲಿನ ಆಕಾರ ಕಾಣುತ್ತದೆ. ಇಲ್ಲಿ ಕೆಲವು ಮಕ್ಕಳಿಗೆ ಕಣ್ಣನ್ನು ಬೇಕಾದ ಕಡೆ ತಿರುಗಿಸುವುದೇ ಕಷ್ಟ. ಹಾಗಾಗಿ ತಲೆಯನ್ನೇ ಝಟ್ಟನೆ ತಿರುಗಿಸಿ ನೋಡುತ್ತವೆ. ಇದು ಮಗು ಕಂಡುಕೊಂಡ ಉಪಾಯ. "ತಲೆ ಅಲ್ಲಾಡಿಸಬೇಡ" ಅಂತ ಹಿಡಿಯಬೇಡಿ. ಎರಡು ಅರೆಮಿದುಳುಗಳನ್ನು ಜೋಡಿಸುವ ನರಗಳ ಕಟ್ಟು, ಅಂದರೆ ಕಾರ್ಪಸ್ ಕಲೋಸಮ್, ಇಲ್ಲದೆ ಹುಟ್ಟಿದ ಮಕ್ಕಳಿಗೆ ಎರಡೂ ಕೈ ಒಟ್ಟಿಗೆ ಬೇಕಾದ ಕೆಲಸ ಕಷ್ಟವಾಗಬಹುದು. ಗುಂಡಿ ಹಾಕುವುದು, ಮುಚ್ಚಳ ತಿರುಗಿಸುವುದು ಅಂಥವು. ಫಾಕ್ಸ್‌ಪಿ2 ಜೀನ್‌ನ ತೊಂದರೆಯಲ್ಲಿ ಮಾತಿನ ಚಲನೆಗೇ ಮುಖ್ಯ ಪೆಟ್ಟು. ಏಂಜಲ್‌ಮನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳಿಗೆ ಆಡುವ ಮಾತಿಗಿಂತ ಅರ್ಥವಾಗುವ ಮಾತು ಜಾಸ್ತಿ.

ಹೆಸರು ಇನ್ನೂ ಸಿಕ್ಕಿಲ್ಲವಾ? ಕಾಯುತ್ತಾ ಕೂರಬೇಡಿ. ಮುಂದಿನ ಹೆಜ್ಜೆಗಳಿಗೆ ಹೆಸರು ಬೇಕಿಲ್ಲ.

ಒಂದು ವಾರ ಸುಮ್ನೆ ನೋಡಿ, ಬರೆದಿಡಿ

ಏನನ್ನೂ ಕಲಿಸಲು ಹೋಗಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕೆಲಸ ಎಲ್ಲಿ ಮುರಿಯಿತು ಅನ್ನುವುದನ್ನು ಮಾತ್ರ ಬರೆಯಿರಿ. ಶುರುವೇ ಆಗಲಿಲ್ಲವಾ? ಶುರುವಾಗಿ ನಡುವೆ ನಿಂತಿತಾ? ಕ್ರಮ ತಪ್ಪಿತಾ, ಅಂದರೆ ಚಮಚ ಬಟ್ಟಲಿಗೆ ಹೋಗುವ ಮೊದಲೇ ಬಾಯಿಗೆ ಬಂತಾ? ಶುರುವಾದ ಕೆಲಸ ನಿಲ್ಲಿಸಲು ಆಗಲಿಲ್ಲವಾ? ಈ ನಾಲ್ಕೂ ಬೇರೆ ಬೇರೆ ತೊಂದರೆ, ಇವಕ್ಕೆ ಕೊಡುವ ಸಹಾಯವೂ ಬೇರೆ.

ಜೊತೆಗೆ, ತಾನಾಗಿ ಆದ ಒಳ್ಳೆಯ ಚಲನೆಗಳನ್ನೂ ಬರೆಯಿರಿ. ನನ್ನ ನೋಟ್‌ಬುಕ್‌ನಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಈ ಪಟ್ಟಿಯೇ. "ಕಿಟಕಿ ಪರದೆ ಸರಿಸಿದಳು, ಹೊರಗೆ ನಾಯಿ ಬೊಗಳಿತ್ತು." ಓ, ಪರದೆ ಸರಿಸಲು ಕೈಗೆ ಬರುತ್ತದೆ! ಹಾಗಾದರೆ ಅದೇ ಚಲನೆಯಿಂದ ಹೊದಿಕೆ ಸರಿಸುವುದನ್ನು ಕಲಿಸಬಹುದು ಅಲ್ವಾ?

ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋಗಳನ್ನೂ ತೆಗೆದಿಡಿ. ಹೊಸ ಜಾಗದಲ್ಲಿ, ಹೊಸಬರ ಎದುರು, "ಮಾಡಿ ತೋರಿಸು" ಅಂದರೆ ಈ ಮಕ್ಕಳಿಗೆ ಆಗುವುದೇ ಇಲ್ಲ. ಮನೆಯ ವಿಡಿಯೋ ಇದ್ದರೆ ಥೆರಪಿಸ್ಟ್‌ಗೆ ನಿಜವಾದ ಮಗು ಕಾಣುತ್ತದೆ.

ಇವಕ್ಕೆ ಮನೆಮದ್ದು ಬೇಡ, ಡಾಕ್ಟರ್ ಹತ್ತಿರ ಹೋಗಿ

ಬರುತ್ತಿದ್ದ ಮಾತು, ನಡಿಗೆ, ಕೈ ಬಳಕೆ ಕಳೆದುಹೋಗುತ್ತಿದ್ದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಊಟದ ಹೊತ್ತಿಗೆ ಪದೇ ಪದೇ ಕೆಮ್ಮು, ಗಂಟಲಲ್ಲಿ ಗೊರಗೊರ, ಆಗಾಗ ನ್ಯುಮೋನಿಯಾ ಇದ್ದರೆ ನುಂಗುವಿಕೆಯ ಪರೀಕ್ಷೆ ಆಗಲೇಬೇಕು. ಬಾಯಿಯ ಚಲನೆ ಜೋಡಣೆ ಕೆಟ್ಟಿರುವಾಗ ತಿಂದದ್ದು ಶ್ವಾಸಕೋಶಕ್ಕೆ ಜಾರುವ ಅಪಾಯ ಇದೆ. ಗಕ್ಕನೆ ನಿಂತು ಶೂನ್ಯ ನೋಡುವುದು ಫಿಟ್ಸ್ ಇರಬಹುದು, ವಿಡಿಯೋ ಮಾಡಿ ತೋರಿಸಿ. ಮೈ ಅದುರುವ ಫಿಟ್ಸ್ 5 ನಿಮಿಷ ದಾಟಿದರೆ ತುರ್ತು ಚಿಕಿತ್ಸೆ ಬೇಕು. ಕಣ್ಣು, ಕಿವಿ ಪರೀಕ್ಷೆಯನ್ನೂ ಮಾಡಿಸಿ. ಕಾಣದೆ ಇರುವುದನ್ನು, ಕೇಳದೆ ಇರುವುದನ್ನು ನಾವು ಮೋಟಾರ್ ಪ್ಲಾನಿಂಗ್ ತಲೆಗೆ ಕಟ್ಟಬಾರದು. ನೋವು ಕೂಡ ಹಾಗೇ. ಮಲಬದ್ಧತೆಯಿಂದ ಹೊಟ್ಟೆನೋವಿರುವ ಮಗು, ಮಾತು ಬಾರದಿದ್ದರೆ, ಸುಮ್ಮನೆ "ಸಹಕರಿಸದ" ಮಗುವಾಗಿಬಿಡುತ್ತದೆ.

ಕಾಯುವುದನ್ನು ಕಲಿಯಿರಿ

ಒಂದು ಸಲ ಹೇಳಿ. ಆಮೇಲೆ ಬಾಯಿ ಮುಚ್ಚಿ, ಎಣಿಸಿ. ಹತ್ತರಿಂದ ಶುರು ಮಾಡಿ. ನಿಮ್ಮ ಮಗುವಿನ ಸಂಖ್ಯೆ ಎಷ್ಟು ಅಂತ ಕಂಡುಹಿಡಿಯಿರಿ. ಕೆಲವರಿಗೆ ಎಂಟು, ಕೆಲವರಿಗೆ ಮೂವತ್ತು, ಇನ್ನೂ ಜಾಸ್ತಿಯೂ ಇರಬಹುದು. ಹುಷಾರಿಲ್ಲದ ದಿನ, ನಿದ್ದೆಗೆಟ್ಟ ದಿನ ಸಂಖ್ಯೆ ಏರುತ್ತದೆ.

ಕಾಯುವಾಗ ನಾಲಿಗೆ ಮಾತ್ರವಲ್ಲ, ಮುಖವೂ ಸುಮ್ಮನಿರಬೇಕು. ಹುಬ್ಬು ಏರಿಸಿ, ತಲೆ ಆಡಿಸಿ, "ಹೂಂ? ಹೂಂ?" ಅನ್ನುತ್ತಿದ್ದರೆ ಅದೂ ಒಂದು ಹೊಸ ಆಜ್ಞೆಯೇ. ಪಕ್ಕದಲ್ಲಿ ಕೂತು, ಭುಜ ಸಡಿಲ ಬಿಟ್ಟು, ಲೋಟವನ್ನೇ ನೋಡಿ. ಮಗುವಿನ ಮುಖವನ್ನೇ ದಿಟ್ಟಿಸಬೇಡಿ. "ನೋಡ್ತಿದ್ದಾರೆ" ಅನ್ನುವ ಒತ್ತಡವೇ ಕೈಯನ್ನು ಕಟ್ಟಿಹಾಕುತ್ತದೆ.

ಮತ್ತೆ ಹೇಳಲೇಬೇಕಾದರೆ ಅದೇ ಪದಗಳಲ್ಲಿ ಹೇಳಿ. "ಲೋಟ ತಗೋ" ಅಂದದ್ದನ್ನು "ನೀರು ಕುಡಿ", "ಕೈ ಚಾಚು", "ಮುಂದೆ ಬಾ" ಅಂತ ಬದಲಿಸಿದರೆ, ನಮಗೆ ಅದು ಒಂದೇ ಮಾತು. ಮಗುವಿಗೆ ನಾಲ್ಕು ಬೇರೆ ಕೆಲಸ.

ಒಪ್ಪುತ್ತೇನೆ, ಬೆಳಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಇದು ಆಗುವುದಿಲ್ಲ. ಬೇಕಾಗಿಯೂ ಇಲ್ಲ. ದಿನಕ್ಕೆ ಒಂದು ಅಥವಾ ಎರಡು ಹೊತ್ತನ್ನು ಕಾಯುವುದಕ್ಕೆ ಅಂತ ಎತ್ತಿಡಿ. ಉಳಿದ ಹೊತ್ತಿನಲ್ಲಿ ನೀವೇ ಬಟ್ಟೆ ಹಾಕಿ, ನೀವೇ ತಿನ್ನಿಸಿ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಒಂದೇ ಒಂದು ಕೆಲಸ ಆರಿಸಿ, ಬಾಲದಿಂದ ಕಲಿಸಿ

ನಾವು ಸಾಕ್ಸ್ ಆರಿಸಿದೆವು. ಸಾಕ್ಸ್ ಹಾಕುವುದರಲ್ಲಿ ಎಷ್ಟು ಕೆಲಸ ಇದೆ ಅಂತ ನಾನೇ ಒಂದು ದಿನ ನಿಧಾನವಾಗಿ ಹಾಕಿ ನೋಡಿದೆ. ಎತ್ತಿಕೊಳ್ಳಬೇಕು. ಬಾಯಿ ಹುಡುಕಬೇಕು. ಎರಡೂ ಹೆಬ್ಬೆರಳು ಒಳಗೆ ತೂರಿಸಬೇಕು. ಹಿಗ್ಗಿಸಬೇಕು. ಹಿಗ್ಗಿಸಿ ಹಿಡಿದುಕೊಂಡೇ ಪಾದದ ತನಕ ಬಗ್ಗಬೇಕು. ಬೆರಳುಗಳ ಮೇಲೆ ದಾಟಿಸಬೇಕು. ಹಿಮ್ಮಡಿ ದಾಟಿಸಬೇಕು. ಮೇಲಕ್ಕೆ ಎಳೆಯಬೇಕು. ಇಷ್ಟನ್ನು "ಸಾಕ್ಸ್ ಹಾಕ್ಕೋ" ಅನ್ನುವ ಒಂದೇ ಮಾತಿನಲ್ಲಿ ಕೇಳುತ್ತಿದ್ದೆ!

ಕೊನೆಯಿಂದ ಶುರು ಮಾಡಿ. ಹಿಮ್ಮಡಿ ದಾಟುವ ತನಕ ಎಲ್ಲವನ್ನೂ ನೀವು ಮಾಡಿ. ಮೇಲಕ್ಕೆ ಎಳೆಯುವುದೊಂದೇ ಮಗುವಿಗೆ. ಎಳೆದ ಕೂಡಲೇ ಕೆಲಸ ಮುಗಿಯುತ್ತದೆ, ಮುಗಿಸಿದ್ದು ಮಗುವೇ. ಮೊದಲ ತುದಿಯಿಂದ ಕಲಿಸಿದರೆ ಮಗು ಎತ್ತಿಕೊಳ್ಳುವಷ್ಟರಲ್ಲಿ ಸುಸ್ತಾಗಿ, ಮುಗಿಸುವ ಸಂತೋಷ ನಿಮ್ಮ ಪಾಲಿಗೆ ಬರುತ್ತದೆ. ಎಳೆಯುವುದು ಸಲೀಸಾದ ಮೇಲೆ ಒಂದೇ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಹಿಮ್ಮಡಿ ದಾಟಿಸುವುದನ್ನೂ ಬಿಟ್ಟುಕೊಡಿ. ನಮಗೆ ಎಳೆಯುವುದಕ್ಕೆ ಮೂರು ವಾರ ಹಿಡಿಯಿತು. ಹಿಮ್ಮಡಿಗೆ ಐದು ತಿಂಗಳು.

ವಸ್ತುವನ್ನೂ ಬದಲಿಸಿ. ಹಿಮ್ಮಡಿಯ ಆಕಾರವೇ ಇಲ್ಲದ, ಬಾಯಿ ಅಗಲವಾದ, ಕೊಂಚ ದೊಡ್ಡ ಸಾಕ್ಸ್ ತಂದರೆ ಅರ್ಧ ಕಷ್ಟ ಅಲ್ಲೇ ಕಡಿಮೆ. ಅಂಚಿಗೆ ಎದ್ದುಕಾಣುವ ಬಣ್ಣದ ದಾರ ಹೊಲಿದರೆ ಎಲ್ಲಿ ಹಿಡಿಯಬೇಕು ಅಂತ ಕಣ್ಣಿಗೆ ಕಾಣುತ್ತದೆ. ಕೂರುವುದೂ ಮುಖ್ಯ. ಬೆನ್ನಿಗೆ ಗೋಡೆ, ಪಾದ ನೆಲಕ್ಕೆ ಊರಿರಬೇಕು. ಕಾಲು ತೂಗಾಡುವ ಕುರ್ಚಿಯಲ್ಲಿ ಕೂರಿಸಿದರೆ ಬೀಳದೆ ಕೂರುವುದಕ್ಕೇ ಮಗುವಿನ ಗಮನವೆಲ್ಲ ಖರ್ಚಾಗುತ್ತದೆ.

ಕೈ ಹಿಡಿದು ಮಾಡಿಸುವ ಬಗ್ಗೆ ಒಂದು ಮಾತು. ಮಗುವಿನ ಕೈ ಮೇಲೆ ನಮ್ಮ ಕೈ ಒತ್ತಿ ಎಳೆದೊಯ್ದರೆ ಚಲನೆ ಜೋಡಿಸಿದ್ದು ನಮ್ಮ ಮಿದುಳು, ಅದರ ಮಿದುಳಲ್ಲ. ಎಷ್ಟೋ ಮಕ್ಕಳು ಕೈ ಕಿತ್ತುಕೊಳ್ಳುತ್ತಾರೆ ಕೂಡ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಅದರ ಮೇಲೆ ಇರಲಿ. ಬೇಡವೆಂದರೆ ತೆಗೆಯಲು ಅದಕ್ಕೆ ಅವಕಾಶ ಇರಬೇಕು. ಮುಟ್ಟುವ ಮೊದಲು ಹೇಳಿ. ಸಹಾಯವನ್ನು ದಿನ ಕಳೆದಂತೆ ಕಡಿಮೆ ಮಾಡಿ: ಕೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಆಮೇಲೆ ಮೊಣಕೈ ಹತ್ತಿರ ಒಂದು ಮೆಲ್ಲನೆಯ ತಟ್ಟು. ಶುರುವಾಗುವುದೇ ಕಷ್ಟವಿರುವ ಮಕ್ಕಳಿಗೆ ಎಷ್ಟೋ ಸಲ ಆ ತಟ್ಟು ಸಾಕು.

ಲಯವೂ ಕೆಲಸ ಮಾಡುತ್ತದೆ. ಮೆಟ್ಟಿಲ ಹತ್ತಿರ ನಿಂತುಬಿಡುವ ಮಗು "ಒಂದು, ಎರಡು, ಹೂಂ!" ಅಂದಾಗ ಕಾಲೆತ್ತಬಹುದು. ಎಲ್ಲರಿಗೂ ಆಗುವುದಿಲ್ಲ, ಪ್ರಯತ್ನಿಸಿ ನೋಡಿ.

ಸ್ವಲ್ಪ ಸ್ವಲ್ಪ, ಪದೇ ಪದೇ

ವಾರಕ್ಕೊಂದು ಗಂಟೆ ಕೂರಿಸಿ ಮಾಡಿಸುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ, ಎರಡೆರಡು ನಿಮಿಷ ಒಳ್ಳೆಯದು. ಅದೂ ಆ ಕೆಲಸ ನಿಜವಾಗಿ ಬೇಕಾಗುವ ಹೊತ್ತಿನಲ್ಲೇ. ಬಾಯಾರಿದಾಗಲೇ ಲೋಟ, ಹೊರಗೆ ಹೋಗುವಾಗಲೇ ಚಪ್ಪಲಿ. ಸುಮ್ಮನೆ ಕೂತು ಹತ್ತು ಸಲ ಲೋಟ ಎತ್ತಿಸಿದರೆ ಯಾಕೆ ಅಂತ ಮಗುವಿಗೂ ಗೊತ್ತಾಗುವುದಿಲ್ಲ.

ಶುರುವಿನಲ್ಲಿ ಎಲ್ಲವೂ ಒಂದೇ ಥರ ಇರಲಿ: ಅದೇ ಲೋಟ, ಅದೇ ಜಾಗ, ಅದೇ ಮಾತು. ಕೈಗೆ ಬಂದ ಮೇಲೆ ಬೇಕಂತಲೇ ಒಂದೊಂದನ್ನು ಬದಲಿಸಿ. ಇಲ್ಲದಿದ್ದರೆ ಆ ಕೆಲಸ ಆ ಒಂದು ಲೋಟಕ್ಕೇ ಅಂಟಿಕೊಳ್ಳುತ್ತದೆ.

ನಿನ್ನೆ ಬಂದದ್ದು ಇವತ್ತು ಬರುವುದಿಲ್ಲ. ಇದು ಆಗಿಯೇ ಆಗುತ್ತದೆ. "ನಿನ್ನೆ ಮಾಡಿದ್ಯಲ್ಲಾ!" ಅನ್ನುವ ಮಾತು ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ. ಮಗು ಅದಕ್ಕಾಗಲೇ ಬೇಜಾರು ಮಾಡಿಕೊಂಡಿರುತ್ತದೆ.

ಮಾತು ಬರಲಿ ಅಂತ ಕಾಯಬೇಡಿ

ಮಾತು ಕೂಡ ಚಲನೆಯೇ, ಅದರಲ್ಲೂ ತೀರಾ ಸೂಕ್ಷ್ಮವಾದದ್ದು. ತುಟಿ, ನಾಲಿಗೆ, ದವಡೆ, ಉಸಿರು ಎಲ್ಲ ಒಂದೇ ಕ್ಷಣಕ್ಕೆ ಜೋಡಿಸಬೇಕು. ಮಾತಿನ ಅಪ್ರಾಕ್ಸಿಯಾ ಇರುವ ಮಗು ಒಂದೇ ಪದವನ್ನು ಒಂದೊಂದು ಸಲ ಒಂದೊಂದು ಥರ ಹೇಳುತ್ತದೆ. ಒಂದು ಸದ್ದಿನಿಂದ ಇನ್ನೊಂದಕ್ಕೆ ದಾಟಲು ತಡವರಿಸುತ್ತದೆ. ಮಾತಿನ ಏರಿಳಿತವೂ ಬೇರೆ ಥರ ಇರುತ್ತದೆ. ಇದರಲ್ಲಿ ಅನುಭವ ಇರುವ ಸ್ಪೀಚ್ ಥೆರಪಿಸ್ಟ್ ಬೇಕು. ಪೀಪಿ ಊದಿಸುವುದು, ನಾಲಿಗೆ ಆಡಿಸುವುದು ಮಾತ್ರ ಮಾಡಿಸುತ್ತಿದ್ದರೆ ಪ್ರಶ್ನೆ ಕೇಳಿ. ಮಾತಿನ ಚಲನೆ ಕಲಿಯುವುದು ಮಾತಿನ ಸದ್ದುಗಳನ್ನೇ ಜೋಡಿಸುವ ಅಭ್ಯಾಸದಿಂದ.

ಅದರ ಜೊತೆಗೇ, ಇವತ್ತೇ, ಬೇರೆ ದಾರಿ ಕೊಡಿ. ಎರಡು ಚಿತ್ರ ಹಿಡಿದು ಯಾವುದನ್ನು ನೋಡುತ್ತದೆ ಅಂತ ಗಮನಿಸಿ. ಚಿತ್ರದ ಹಲಗೆ, ಗುಂಡಿ ಒತ್ತಿದರೆ ಮಾತಾಡುವ ಸಾಧನ, ಕಣ್ಣಿನ ನೋಟದಿಂದ ನಡೆಯುವ ಐ-ಗೇಜ್ ಕಂಪ್ಯೂಟರ್, ಯಾವುದು ಹೊಂದುತ್ತದೋ ಅದು. ಇದರಿಂದ ಮಾತು ಬರುವುದು ನಿಂತುಹೋಗುತ್ತದೆ ಅನ್ನುವ ಭಯ ನನಗೂ ಇತ್ತು. ಹಾಗಾಗುವುದಿಲ್ಲ. ನೀವು ಮಾತಾಡುವಾಗ ನೀವೂ ಆ ಚಿತ್ರಗಳನ್ನು ತೋರಿಸುತ್ತಾ ಮಾತಾಡಿ. ತಿಂಗಳುಗಟ್ಟಲೆ ಉತ್ತರ ಬರದಿದ್ದರೂ ಸರಿ. ಹುಟ್ಟಿದ ಕೂಸಿನ ಜೊತೆ ಉತ್ತರ ಬರುವ ಮೊದಲೇ ಎಷ್ಟೊಂದು ಮಾತಾಡುತ್ತೇವೆ ಅಲ್ವಾ?

"ಕೆಂಪು ಯಾವುದು? ನಾಯಿ ಎಲ್ಲಿದೆ?" ಅಂತ ದಿನವಿಡೀ ಪರೀಕ್ಷೆ ಮಾಡಬೇಡಿ. ಗೊತ್ತಿದ್ದೂ ಕೈ ಹೋಗದ ಮಗುವಿಗೆ ಅದು ದಿನವಿಡೀ ಫೇಲಾಗುವ ಪರೀಕ್ಷೆ. "ಹೊರಗೆ ಹೋಗೋಣ್ವಾ, ಇಲ್ಲೇ ಇರೋಣ್ವಾ?" ಅಂತ ನಿಜವಾಗಿ ಉತ್ತರ ಬೇಕಾದದ್ದನ್ನು ಕೇಳಿ, ಬಂದ ಉತ್ತರದಂತೆ ನಡೆಯಿರಿ.

ಒಂದು ಎಚ್ಚರಿಕೆ. ಬೇರೆಯವರು ಮಗುವಿನ ಕೈ ಅಥವಾ ತೋಳು ಹಿಡಿದು ಅಕ್ಷರ ಒತ್ತಿಸಿ, "ನೋಡಿ, ಮಗು ಬರೆಯಿತು" ಅನ್ನುವ ಪದ್ಧತಿ ಇದೆ. ಪರೀಕ್ಷಿಸಿ ನೋಡಿದಾಗ ಹೊರಬಂದದ್ದು ಕೈ ಹಿಡಿದವರ ಮಾತು. ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಘ 2018ರಲ್ಲಿ ಇದನ್ನು ಬಳಸಬಾರದು ಅಂತ ಸ್ಪಷ್ಟವಾಗಿ ಹೇಳಿದೆ. ಆಸೆ ಎಷ್ಟಿದ್ದರೂ ಆ ದಾರಿ ಬೇಡ. ನಿಮ್ಮ ಮಗುವಿನ ಮಾತು ಮಗುವಿನದೇ ಆಗಿರಬೇಕು.

ಮನೆಯವರಿಗೆ, ಶಾಲೆಯವರಿಗೆ ಒಂದು ಹಾಳೆ

ನನ್ನ ಮಗಳು ಹೋಗುತ್ತಿದ್ದ ಒಂದು ಶಾಲೆಯಲ್ಲಿ ಅವಳ ಹೆಸರಿನ ಮುಂದೆ "ಸೂಚನೆ ಪಾಲಿಸುವುದಿಲ್ಲ" ಅಂತ ಬರೆದಿದ್ದರು. ಅದನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಒಂದು ಹಾಳೆ ಬರೆದೆ. ಈಗ ಅದರ ಪ್ರತಿ ಶಾಲೆಯಲ್ಲಿದೆ, ಅಜ್ಜಿಯ ಹತ್ತಿರ ಇದೆ, ಕಾರಿನಲ್ಲಿದೆ. ನೀವೂ ಒಂದು ಬರೆದಿಡಿ. ಕಾಯಿಲೆಯ ಇತಿಹಾಸ ಬೇಡ, ಯಾರೂ ಓದುವುದಿಲ್ಲ. ಎದುರಿಗಿರುವವರು ಈಗ ಏನು ಮಾಡಬೇಕು ಅನ್ನುವುದು ಮಾತ್ರ ಇರಲಿ. ನಮ್ಮದರಲ್ಲಿ ಇಷ್ಟಿದೆ:

"ನೀವು ಹೇಳುವುದು ನನಗೆ ಅರ್ಥವಾಗುತ್ತದೆ. ನನ್ನ ಎದುರಿಗೇ ನನ್ನ ಬಗ್ಗೆ ಮಾತಾಡಬೇಡಿ. ಒಂದು ಸಲ ಹೇಳಿ, 15ರ ತನಕ ಎಣಿಸಿ. ನನ್ನ ಹೌದು ಅಂದರೆ ನಿಮ್ಮ ಮುಖ ನೋಡುವುದು. ಬೇಡ ಅಂದರೆ ಮುಖ ತಿರುಗಿಸುವುದು. ಕೈ ಹಿಡಿಯುವ ಮೊದಲು ಹೇಳಿ. ಊಟ ಮಾಡುವಾಗ ಮಾತಾಡಿಸಬೇಡಿ, ನಗಿಸಬೇಡಿ. ಸುಸ್ತಾದರೆ ಕೈ ಉಜ್ಜುವುದು ಜಾಸ್ತಿಯಾಗುತ್ತದೆ, ಆಗ ಬಿಟ್ಟುಬಿಡಿ."

ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಹಾಳೆ ಬೇಕಾಗುವುದಿಲ್ಲ, ಒಂದು ಸಲ ಬಾಯಲ್ಲಿ ಹೇಳಿದರೆ ಸಾಕು. ಮಗನಿಗೆ ಆರು ವರ್ಷವಿದ್ದಾಗ ಎಣಿಸುವುದನ್ನು ಹೇಳಿಕೊಟ್ಟೆ. ಈಗ ಅವನು ಚೆಂಡನ್ನು ಅಕ್ಕನ ಮುಂದೆ ಇಟ್ಟು, ಹಿಂದಕ್ಕೆ ಸರಿದು, ಗೋಡೆಗೆ ಒರಗಿ ಕೂರುತ್ತಾನೆ. ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ಹನ್ನೊಂದು, ಹನ್ನೆರಡು, ಹದಿಮೂರು.